ಮೀಟರಿಗೂ ಚಿಪ್‌ಗೂ ನಡುವೆ

ನಿಮ್ಮ ಜೇಬಿನಲ್ಲಿರುವ ಸ್ಮಾರ್ಟ್‌ಫೋನಿನಲ್ಲಿ ಸೆರಾಮಿಕ್ ಕೆಪಾಸಿಟರುಗಳೇ ಸುಮಾರು ಸಾವಿರ ಇರುತ್ತವೆ. ಒಂದರ ಮೈಮೇಲೂ ಅದರ ಮೌಲ್ಯ ಎಷ್ಟೆಂದು ಬರೆದಿರುವುದಿಲ್ಲ. ಹಳೆಯ ರೆಸಿಸ್ಟರುಗಳಿಗೆ ಬಣ್ಣದ ಪಟ್ಟೆಗಳಿದ್ದವು, ಆಮೇಲೆ ಬಂದ ಚಿಪ್ ರೆಸಿಸ್ಟರುಗಳಿಗೆ ಮೂರಂಕಿಯ ಅಚ್ಚಾದರೂ ಇತ್ತು. ಚಿಪ್ ಕೆಪಾಸಿಟರಿಗೆ ಅದೂ ಇಲ್ಲ. ಕಂದು ಬಣ್ಣದ ಒಂದು ಕಣ, ಎರಡು ತುದಿಗೂ ತವರದ ಲೇಪ, ಅಷ್ಟೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಟೇಪಿನ ತುಂಡು ಕೊಂಡು ತಂದು, ಕವರಿನ ಮೇಲಿನ ಚೀಟಿ ಎಲ್ಲೋ ಕಿತ್ತುಹೋದರೆ ಒಳಗಿರುವುದು 100 ನ್ಯಾನೊಫ್ಯಾರಡೋ 1 ಮೈಕ್ರೊಫ್ಯಾರಡೋ ಎಂದು ಕಣ್ಣಿನಿಂದ ನೋಡಿ ಹೇಳುವವರು ಯಾರೂ ಇಲ್ಲ. ಅಳೆದೇ ತಿಳಿಯಬೇಕು.

ಅಳೆಯುವುದೇನು ಮಹಾ, ಇಂಡಕ್ಟೆನ್ಸ್, ಕೆಪಾಸಿಟೆನ್ಸ್, ರೋಧ ಮೂರನ್ನೂ ತೋರಿಸುವ ಒಳ್ಳೆಯ ಎಲ್‌ಸಿಆರ್ ಮೀಟರ್ ಇದ್ದರಾಯಿತು ಎನ್ನುವವರು ಮೀಟರಿನ ಮುಖ ಒಮ್ಮೆ ನೋಡಬೇಕು. ಅದರಲ್ಲಿ ನಾಲ್ಕು ಬಿಎನ್‌ಸಿ ಸಾಕೆಟ್‌ಗಳು ಸಾಲಾಗಿರುತ್ತವೆ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 22 ಮಿಲಿಮೀಟರ್. ಅಳೆಯಬೇಕಾದ ಚಿಪ್ಪಿನ ಉದ್ದವೋ, ಅರ್ಧ ಮಿಲಿಮೀಟರಿನ ಆಸುಪಾಸು. ಇವೆರಡರ ನಡುವಿನ ಕಂದಕವನ್ನು ದಾಟಿಸುವ ವಸ್ತುವಿಗೆ ಕಾರ್ಖಾನೆಯವರು ಫಿಕ್ಸ್ಚರ್ ಅನ್ನುತ್ತಾರೆ, ವರ್ಕ್‌ಶಾಪಿನವರು ಜಿಗ್ ಅಂದುಬಿಡುತ್ತಾರೆ. ಮೀಟರಿಗೆ ಲಕ್ಷಗಟ್ಟಲೆ ಸುರಿದವರು ಇದಕ್ಕೆ ಸಾವಿರ ಕೊಡಲೂ ಹಿಂದುಮುಂದು ನೋಡುತ್ತಾರೆ. ಆದರೆ ಪರದೆಯ ಮೇಲೆ ಮೂಡುವ ಅಂಕಿಯ ಮರ್ಯಾದೆ ಬಹುಪಾಲು ಇದರ ಕೈಯಲ್ಲೇ ಇದೆ.

ಚಿಪ್ಪಿನ ಗಾತ್ರಗಳ ಲೆಕ್ಕದಲ್ಲಿ ಒಂದು ಹಳೆಯ ಗೊಂದಲವಿದೆ. ಇಂಚಿನ ಲೆಕ್ಕದಲ್ಲಿ 0402 ಎಂದರೆ 1 ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ. ಮೆಟ್ರಿಕ್ ಲೆಕ್ಕದಲ್ಲಿ ಅದೇ 0402 ಎಂದರೆ 0.4 ಮಿಲಿಮೀಟರ್ ಉದ್ದ, 0.2 ಅಗಲ, ಇಂಚಿನವರು ಇದನ್ನು 01005 ಎಂದು ಕರೆಯುತ್ತಾರೆ. ಯಾರ 0402 ಎಂದು ಕೇಳದೆ ಫಿಕ್ಸ್ಚರ್ ತರಿಸಿದರೆ ಹಣ ದಂಡ. ಇನ್ನೂ ಕೆಳಗೆ 0.25 ಮಿಲಿಮೀಟರ್ ಉದ್ದದ್ದು ಇದೆ. 2024ರ ಸೆಪ್ಟೆಂಬರಿನಲ್ಲಿ ಜಪಾನಿನ ಕ್ಯೋಟೊ ಬಳಿಯ ಮುರಾಟಾ ಕಂಪನಿ 0.16 ಮಿಲಿಮೀಟರ್ ಉದ್ದ, 0.08 ಮಿಲಿಮೀಟರ್ ಅಗಲದ ಕೆಪಾಸಿಟರನ್ನು ಜಗತ್ತಿನಲ್ಲೇ ಅತಿ ಚಿಕ್ಕದೆಂದು ಪ್ರಕಟಿಸಿತು. ಅದನ್ನು ಮಾಡಿದವರ ಸಾಹಸ ದೊಡ್ಡದೇ. ಆದರೆ ಅದನ್ನು ಹಿಡಿದು ನಿಲ್ಲಿಸಿ, ಎರಡು ತುದಿಗೆ ವಿದ್ಯುತ್ ಮುಟ್ಟಿಸಿ, ಸರಿಯಾಗಿದೆಯೇ ಎಂದು ನೋಡಿದವರೂ ಅದೇ ಕಾರ್ಖಾನೆಯಲ್ಲಿ ಇದ್ದಾರೆ. ಅವರ ಸುದ್ದಿ ಪ್ರಕಟಣೆಗಳಲ್ಲಿ ಬರುವುದಿಲ್ಲ.

ಕಷ್ಟ ಎಲ್ಲಿದೆ? ಎರಡು ತಂತಿಯ ತುದಿಯಲ್ಲಿ ಚಿಪ್ಪನ್ನು ಹಿಡಿದೆವು ಎನ್ನಿ. ತೆಳ್ಳನೆಯ ತಂತಿಗೆ ಪ್ರತಿ ಮಿಲಿಮೀಟರಿಗೆ ಹತ್ತಿರಹತ್ತಿರ 1 ನ್ಯಾನೊಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. 1 ಕಿಲೊಹರ್ಟ್ಸ್‌ನಲ್ಲಿ ಅಳೆಯುವಾಗ ಅದು ಲೆಕ್ಕಕ್ಕೇ ಇಲ್ಲ. 1 ಗಿಗಾಹರ್ಟ್ಸ್‌ಗೆ ಏರಿದರೆ ಅದೇ 1 ನ್ಯಾನೊಹೆನ್ರಿ 6.28 ಓಮ್ ಆಗಿ ಎದುರು ನಿಲ್ಲುತ್ತದೆ. ಮಾರುಕಟ್ಟೆಯಲ್ಲಿ 0.6 ನ್ಯಾನೊಹೆನ್ರಿಯ ಇಂಡಕ್ಟರುಗಳೇ ಸಿಗುತ್ತವೆ. ತಂತಿ ಎರಡು ಮಿಲಿಮೀಟರ್ ಹೆಚ್ಚಾದರೆ ಅಳತೆಗೆ ಇಟ್ಟ ವಸ್ತುವಿಗಿಂತ ಅದನ್ನು ಹಿಡಿದ ತಂತಿಯೇ ಮೂರು ಪಾಲು ದೊಡ್ಡದು. ಕೆಪಾಸಿಟರಿನ ಕಥೆಯೂ ಅಷ್ಟೇ. ಎರಡು ಲೋಹದ ತುದಿಗಳು ಎದುರುಬದುರಾಗಿ ನಿಂತವೆಂದರೆ ನಡುವೆ ಏನೂ ಇಲ್ಲದಿದ್ದರೂ ಅಲ್ಲೊಂದು ಕೆಪಾಸಿಟರ್ ಹುಟ್ಟಿಕೊಂಡಿರುತ್ತದೆ.

ಎಣ್ಣೆ ಅಂಗಡಿಯವನು ಮೊದಲು ಖಾಲಿ ಡಬ್ಬ ತೂಗಿ, ಆಮೇಲೆ ಎಣ್ಣೆ ತುಂಬಿ ತೂಗಿ, ಡಬ್ಬದ ತೂಕ ಕಳೆಯುತ್ತಾನಲ್ಲ, ಫಿಕ್ಸ್ಚರಿನವರು ಮಾಡುವುದೂ ಅದನ್ನೇ. ಫರಕು ಇಷ್ಟೇ: ಇಲ್ಲಿ ಡಬ್ಬದ ತೂಕ ಹತ್ತು ಕಿಲೊ, ಎಣ್ಣೆ ಹತ್ತು ಗ್ರಾಂ, ಮೇಲಾಗಿ ಮುಚ್ಚಳ ತೆಗೆದು ಹಾಕಿದಾಗಲೆಲ್ಲ ಡಬ್ಬದ ತೂಕವೇ ಒಂದಿಷ್ಟು ಬದಲಾಗುತ್ತದೆ. ಹಾಗೆ ಬದಲಾಗದ ಡಬ್ಬ ಮಾಡುವುದೇ ಈ ವಿದ್ಯೆಯ ಜೀವಾಳ. ದೋಷವೇ ಇಲ್ಲದ ಫಿಕ್ಸ್ಚರನ್ನು ಯಾರೂ ಮಾಡಿಲ್ಲ, ಮಾಡಲೂ ಆಗದು. ದೋಷ ಕದಲದೆ ನಿಂತರೆ ಸಾಕು, ಅದನ್ನು ಕಳೆಯಬಹುದು.

ಅಳೆಯುವ ವಸ್ತುವಿಗೂ ಅದನ್ನು ಹಿಡಿದ ತಂತಿಗೂ ನಡುವಿನ ಈ ಜಗಳ ಚಿಪ್ಪುಗಳಿಗಿಂತ ಬಹಳ ಹಳೆಯದು. ಪಿಯುಸಿಯಲ್ಲಿ ಮೀಟರ್ ಬ್ರಿಡ್ಜ್ ಪ್ರಯೋಗ ಮಾಡಿದವರಿಗೆ ನೆನಪಿರಬಹುದು: ತಂತಿಯ ಎರಡು ಕೊನೆಯ ತಾಮ್ರದ ಪಟ್ಟಿಗಳಿಗೂ ಒಂದಿಷ್ಟು ರೋಧ ಇರುತ್ತದೆ, ಅದನ್ನು ಸರಿದೂಗಿಸಲು ಎಡಗಡೆಯದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಇನ್ನೊಮ್ಮೆ ಅಳೆಯಿರಿ ಎಂದು ಮೇಷ್ಟ್ರು ಹೇಳುತ್ತಿದ್ದರು. ಏಕೆಂದು ಕೇಳಿದವರು ಕಡಿಮೆ. ವೀಟ್‌ಸ್ಟೋನ್ ಹೆಸರಿನ ಆ ಸೇತುವೆಯನ್ನು 1833ರಲ್ಲಿ ಮೊದಲು ವಿವರಿಸಿದವನು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. 1843ರಲ್ಲಿ ಅದನ್ನು ಬಳಕೆಗೆ ತಂದ ವೀಟ್‌ಸ್ಟೋನ್‌ಗೆ ಕೀರ್ತಿ ದಕ್ಕಿತು. ಆ ಸೇತುವೆ ಸೋತದ್ದು ತೀರಾ ಸಣ್ಣ ರೋಧಗಳ ಮುಂದೆ. ಗ್ಲಾಸ್ಗೊದ ಪ್ರೊಫೆಸರ್ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವನು, ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ಲಿನ ಕೆಲಸದಲ್ಲಿ ತೊಡಗಿದ್ದ. ಪೇಟೆಯಲ್ಲಿ ಸಿಗುವ ತಾಮ್ರಗಳ ನಡುವೆ ವಾಹಕತೆಯಲ್ಲಿ ದೊಡ್ಡ ಅಂತರ ಇದೆಯೆಂದು 1857ರಲ್ಲಿ ತೋರಿಸಿದ. ತಾಮ್ರದ ತುಂಡಿನ ರೋಧ ಅಳೆಯಹೊರಟರೆ ಅದನ್ನು ಕಚ್ಚಿದ ಕ್ಲಿಪ್ಪಿನ ರೋಧವೇ ಹೆಚ್ಚು. ಅವನು ಕಂಡುಕೊಂಡ ಉಪಾಯ ಸರಳ: ಕರೆಂಟ್ ಹರಿಸಲು ಎರಡು ತಂತಿ, ವೋಲ್ಟೇಜ್ ನೋಡಲು ಬೇರೆ ಎರಡು. ನೋಡುವ ತಂತಿಯಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಅದರ ಸಂಪರ್ಕ ಕೊಂಚ ಕೆಟ್ಟಿದ್ದರೂ ಲೆಕ್ಕ ಕೆಡದು. ಇಂದಿಗೂ ಇದಕ್ಕೆ ಕೆಲ್ವಿನ್ ಸಂಪರ್ಕ ಎಂದೇ ಹೆಸರು.

ನೂರು ವರ್ಷ ಕಳೆದ ಮೇಲೆ, 1964ರಲ್ಲಿ, ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ರಾಬರ್ಟ್ ಕಟ್‌ಕೋಸ್ಕಿ ಆ ನಾಲ್ಕು ತಂತಿಗಳಿಗೂ ಒಂದೊಂದು ಕವಚ ತೊಡಿಸಿದ. ಒಳತಂತಿಯಲ್ಲಿ ಹೋದಷ್ಟೇ ಕರೆಂಟ್ ಅದರ ಕವಚದಲ್ಲಿ ವಾಪಸ್ ಬರುವಂತೆ ಮಾಡಿದರೆ ಹೊರಗೆ ಕಾಂತಕ್ಷೇತ್ರ ಉಳಿಯುವುದಿಲ್ಲ, ಒಂದು ತಂತಿ ಇನ್ನೊಂದರ ಮೇಲೆ ಪ್ರಭಾವ ಬೀರುವುದಿಲ್ಲ. ಮೀಟರಿನ ಮುಖದ ಮೇಲಿನ ಆ ನಾಲ್ಕು ಸಾಕೆಟ್‌ಗಳು ಈ ವಿಚಾರದ ಸಂತಾನ.

ಆದರೆ ಕೆಲ್ವಿನ್ನನ ನಾಲ್ಕು ತಂತಿಗಳು ಚಿಪ್ಪಿನ ಹತ್ತಿರ ಬಂದಾಗ ಎರಡಾಗಲೇಬೇಕು. 0.4 ಮಿಲಿಮೀಟರ್ ಉದ್ದದ ಚಿಪ್ಪಿನ ಒಂದೊಂದು ತುದಿಯ ತವರಕ್ಕೆ ಸಿಗುವ ಜಾಗ ಸುಮಾರು 0.1 ಮಿಲಿಮೀಟರ್. ಅಲ್ಲಿ ಎರಡೆರಡು ಸೂಜಿ ಊರುವುದು ಯಾರಿಗೂ ಸುಲಭವಲ್ಲ. ಹಾಗಾಗಿ ಕೊನೆಯ ಮಿಲಿಮೀಟರಿನಲ್ಲಿ ಕೆಲ್ವಿನ್ ಕೈಬಿಡುತ್ತಾನೆ. ಅಲ್ಲಿಂದ ಮುಂದೆ ಲೇತ್ ಹಿಡಿದವನ ಕೈಗುಣ.

ಆ ಕೈಗುಣದ ಒಳ್ಳೆಯ ಮಾದರಿ ಕೀಸೈಟ್ ಕಂಪನಿಯ 16196 ಸಾಲಿನ ಫಿಕ್ಸ್ಚರುಗಳು. ಹ್ಯೂಲೆಟ್ ಪ್ಯಾಕರ್ಡ್‌ನ ಅಳತೆ ಉಪಕರಣಗಳ ವಿಭಾಗ 1999ರಲ್ಲಿ ಅಜಿಲೆಂಟ್ ಆಯಿತು, 2014ರಲ್ಲಿ ಕೀಸೈಟ್ ಆಯಿತು. ಫಿಕ್ಸ್ಚರಿನ ನಂಬರು ಮಾತ್ರ ಬದಲಾಗಲಿಲ್ಲ. ಇದರಲ್ಲಿ ಚಿಪ್ಪನ್ನು ಮಲಗಿಸುವುದಿಲ್ಲ, ಸಣ್ಣ ರಂಧ್ರದಲ್ಲಿ ನಿಲ್ಲಿಸುತ್ತಾರೆ. ಕೆಳಗೆ ನಡುವಿನ ಎಲೆಕ್ಟ್ರೋಡ್, ಮೇಲಿನಿಂದ ಮುಚ್ಚುವ ಟೋಪಿಯೇ ಇನ್ನೊಂದು ಎಲೆಕ್ಟ್ರೋಡ್, ಸುತ್ತ ದುಂಡಗಿನ ಹೊರಗೋಡೆ. ಚಿಪ್ಪು ಕೋಯಾಕ್ಸಿಯಲ್ ಕೇಬಲ್ಲಿನ ಒಳತಂತಿಯ ಒಂದು ತುಂಡೇ ಆಗಿ ನಿಂತುಬಿಡುತ್ತದೆ. ಅದು ಎಡಕ್ಕೆ ಬಲಕ್ಕೆ ವಾಲಲು ಜಾಗವಿಲ್ಲ. ಒಂದೊಂದು ಗಾತ್ರಕ್ಕೆ ಒಂದೊಂದು ಮಾದರಿ: 1.6 ಮಿಲಿಮೀಟರಿಗೆ ಎ, 1 ಮಿಲಿಮೀಟರಿಗೆ ಬಿ, 0.6ಕ್ಕೆ ಸಿ, 0.4ಕ್ಕೆ ಡಿ. ನಾಲ್ಕೂ 3 ಗಿಗಾಹರ್ಟ್ಸ್ ತನಕ ಕೆಲಸ ಮಾಡುತ್ತವೆ. ಎಲ್ಲಕ್ಕೂ ಒಂದೇ ಸಾಕು ಎನ್ನುವ ಫಿಕ್ಸ್ಚರ್ ಯಾರಾದರೂ ಮಾರಲು ಬಂದರೆ ಅದು ಯಾವುದಕ್ಕೂ ಪೂರ್ತಿ ಸಾಲದು ಎಂದೇ ತಿಳಿಯಿರಿ.

ಮಲಗಿಸುವ ಬದಲು ನಿಲ್ಲಿಸಿದರೆ ಏನಾಗುತ್ತದೆ? ಮೌಲ್ಯ ಬದಲಾಗುತ್ತದೆ. ಬೋರ್ಡಿನ ಮೇಲೆ ಮಲಗಿದ ಚಿಪ್ಪಿನ ಕರೆಂಟ್ ಕೆಳಗಿನ ತಾಮ್ರದ ಹಾಳೆಯಲ್ಲಿ ವಾಪಸ್ ಬರುತ್ತದೆ. ನಿಂತ ಚಿಪ್ಪಿನದು ಸುತ್ತಲಿನ ಗೋಡೆಯಲ್ಲಿ. ಇಂಡಕ್ಟೆನ್ಸ್ ಎಂಬುದು ಹೋಗುವ ದಾರಿ, ಬರುವ ದಾರಿ ಎರಡೂ ಸೇರಿದ ಲೆಕ್ಕವಾದ್ದರಿಂದ ಚಿಪ್ಪಿಗೆ ಅದರದ್ದೇ ಆದ ಒಂದು ಇಂಡಕ್ಟೆನ್ಸ್ ಇದೆ ಎನ್ನುವ ಮಾತೇ ಸ್ವಲ್ಪ ಸಡಿಲ. ಇಲ್ಲಿಗೆ ಬಂದಾಗ ಸೊನ್ನೆಯ ಪ್ರಶ್ನೆ ಏಳುತ್ತದೆ. ಇಡೀ ವಿಷಯದಲ್ಲಿ ನನಗೆ ಅತ್ಯಂತ ರುಚಿಯೆನಿಸುವ ಭಾಗ ಇದೇ.

ಫಿಕ್ಸ್ಚರಿನ ತಪ್ಪನ್ನು ಕಳೆಯಲು ಎರಡು ಅಳತೆ ಬೇಕು: ಒಮ್ಮೆ ಏನನ್ನೂ ಇಡದೆ, ಒಮ್ಮೆ ಎರಡು ತುದಿಯನ್ನೂ ಲೋಹದಿಂದ ಕೂಡಿಸಿ. ಮೊದಲನೆಯದು ಓಪನ್, ಎರಡನೆಯದು ಶಾರ್ಟ್. ಶಾರ್ಟ್ ಮಾಡಲು ಚಿಪ್ಪಿನಷ್ಟೇ ಗಾತ್ರದ ಚಿನ್ನದ ಲೇಪದ ಲೋಹದ ತುಂಡನ್ನು ಇಡುತ್ತಾರೆ. ಮೀಟರ್ ಅದನ್ನು ಸೊನ್ನೆ ಎಂದು ನೆನಪಿಟ್ಟುಕೊಳ್ಳುತ್ತದೆ. ಆದರೆ ಆ ತುಂಡೂ ಒಂದು ವಾಹಕವೇ ತಾನೆ? 0.6 ಮಿಲಿಮೀಟರ್ ಉದ್ದ, 0.3 ಅಗಲ, 0.3 ದಪ್ಪದ ಲೋಹದ ತುಂಡಿಗೆ ಪಠ್ಯಪುಸ್ತಕದ ಸೂತ್ರ ಹಾಕಿದರೆ ಸುಮಾರು 0.17 ನ್ಯಾನೊಹೆನ್ರಿ ಬರುತ್ತದೆ. 1 ಮಿಲಿಮೀಟರಿನದಕ್ಕೆ 0.28ರ ಸುಮಾರು. ಫಿಕ್ಸ್ಚರಿನ ಒಳಗೆ, ಕರೆಂಟ್ ವಾಪಸಾಗುವ ದಾರಿಯನ್ನು ಅವಲಂಬಿಸಿ, ಈ ಅಂಕಿಯೂ ಬದಲಾಗುತ್ತದೆ. ಇತ್ತ 0.6 ನ್ಯಾನೊಹೆನ್ರಿಯ ಇಂಡಕ್ಟರನ್ನು 0.1 ಹೆಚ್ಚುಕಡಿಮೆಯೊಳಗೆ ಇದೆಯೆಂದು ಭರವಸೆ ಕೊಟ್ಟು ಮಾರುತ್ತಾರೆ. ಶಾರ್ಟ್ ತುಂಡನ್ನು ಒಬ್ಬರು ಶುದ್ಧ ಸೊನ್ನೆ ಎಂದು ಹಿಡಿದರು, ಇನ್ನೊಬ್ಬರು ಅದರ ಲೆಕ್ಕದ ಮೌಲ್ಯವನ್ನು ಮೀಟರಿಗೆ ಊಡಿಸಿದರು ಎನ್ನಿ. ಒಂದೇ ಚಿಪ್ಪು, ಒಂದೇ ಮೀಟರ್, ಇಬ್ಬರ ಉತ್ತರದ ನಡುವಿನ ಅಂತರ ಭರವಸೆಯ ಮಿತಿಗಿಂತ ಹೆಚ್ಚು. ಇಬ್ಬರೂ ತಪ್ಪು ಮಾಡಿಲ್ಲ.

ಕಂಪನಿಗಳು ಇದನ್ನು ಮುಚ್ಚಿಟ್ಟಿಲ್ಲ ಎಂಬುದನ್ನು ಹೇಳಬೇಕು. ಅಮೆರಿಕದ ಕಾಯಿಲ್‌ಕ್ರಾಫ್ಟ್ ಕಂಪನಿಯ ಚಿಪ್ ಇಂಡಕ್ಟರುಗಳ ಡೇಟಾಶೀಟಿನ ಅಡಿಟಿಪ್ಪಣಿ ಓದಿದರೆ ಯಾವ ಅನಲೈಜರ್, ಯಾವ ಫಿಕ್ಸ್ಚರ್ ಎಂದು ಹೆಸರಿಸಿ, ತಾವೇ ಕೊಡುವ ಹೋಲಿಕೆಯ ತುಣುಕುಗಳನ್ನು ಇಟ್ಟುಕೊಂಡು ಅಳೆದದ್ದು ಎಂದು ಬರೆದಿರುತ್ತಾರೆ. ನಮ್ಮ ಸೊನ್ನೆ ಇಲ್ಲಿಂದ ಶುರು, ನಿಮ್ಮದನ್ನು ಇದಕ್ಕೆ ಹೊಂದಿಸಿಕೊಳ್ಳಿ ಎಂಬುದು ಅದರ ಅರ್ಥ. ಸಣ್ಣಕ್ಷರದ ಆ ಸಾಲನ್ನು ಬಿಟ್ಟು ಓದಿದವರೇ ಮಾಲು ಸರಿಯಿಲ್ಲ ಎಂದು ಪತ್ರ ಬರೆಯುವವರು.

ಓಪನ್‌ನಲ್ಲೂ ಇಂಥದೇ ಬಲೆ ಇದೆ. ಎರಡು ಮಿಲಿಮೀಟರ್ ಚೌಕದ ಎರಡು ಲೋಹದ ಮುಖಗಳು 0.4 ಮಿಲಿಮೀಟರ್ ಅಂತರದಲ್ಲಿ ಎದುರಾದರೆ ನಡುವಿನ ಗಾಳಿಯೇ 0.089 ಪಿಕೊಫ್ಯಾರಡ್. ಅಂತರ 0.5 ಆದರೆ 0.071. ಚಿಪ್ಪು ತೆಗೆದು ಓಪನ್ ಅಳೆಯುವಾಗ ಸ್ಪ್ರಿಂಗ್ ಒಂದು ಕೂದಲೆಳೆ ಹೆಚ್ಚು ಹಿಂದೆ ಸರಿಯಿತೆಂದರೆ 0.018 ಪಿಕೊಫ್ಯಾರಡ್ ತಪ್ಪು ಕೂಡಿಕೊಂಡಿತು. 0.2 ಪಿಕೊಫ್ಯಾರಡ್ ಚಿಪ್ಪಿಗೆ ಅದು ನೂರಕ್ಕೆ ಒಂಬತ್ತರಷ್ಟು. ಆದ್ದರಿಂದ ಎರಡು ನಿಯಮ: ಮುಟ್ಟುವ ಮುಖಗಳು ಚಿಪ್ಪಿಗಿಂತ ದೊಡ್ಡವಾಗಿರಬಾರದು, ಓಪನ್ ಅಳೆಯುವಾಗ ಮುಖಗಳ ಅಂತರ ಚಿಪ್ಪು ಇದ್ದಾಗ ಎಷ್ಟಿತ್ತೋ ಅಷ್ಟೇ ಇರಬೇಕು.

ಕೈಯಾರೆ ಮಾಡಿಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ, ಕೆಲವು ನೂರು ಮೆಗಾಹರ್ಟ್ಸ್ ತನಕ ಧಾರಾಳವಾಗಿ. ನಾಲ್ಕು ಬಿಎನ್‌ಸಿ ಪ್ಲಗ್‌ಗಳ ಪೆಟ್ಟಿಗೆಯೋ, ಎರಡು ಎಸ್‌ಎಂಎ ಕನೆಕ್ಟರಿನ ಸಣ್ಣ ಬೋರ್ಡೋ ಸಾಕು. ಜನ ಎಡವುವುದು ಎಲೆಕ್ಟ್ರಾನಿಕ್ಸ್‌ನಲ್ಲಲ್ಲ, ಯಂತ್ರದ ಕೆಲಸದಲ್ಲಿ. ಚಿಪ್ಪು ಪ್ರತಿ ಸಲವೂ ಅದೇ ಜಾಗದಲ್ಲಿ ಕೂರಲು ಒಂದು ಮೂಲೆ ಬೇಕು, ಎರಡು ಬದಿ ಆನಿಸಿಕೊಳ್ಳುವಂಥದ್ದು. ಒತ್ತುವ ಬಲ ಬೆರಳಿನದಾಗಿರಬಾರದು, ಸ್ಪ್ರಿಂಗಿನದಾಗಿರಬೇಕು; ಬೆರಳು ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಒತ್ತುತ್ತದೆ. ಮುಟ್ಟುವ ತುದಿಗೆ ಬೆರಿಲಿಯಂ ತಾಮ್ರ ಒಳ್ಳೆಯದು, ಸ್ಪ್ರಿಂಗಿನ ಗುಣವೂ ಇದೆ, ವಾಹಕವೂ ಹೌದು. ಅದರ ಮೇಲೆ ಚಿನ್ನದ ಲೇಪ. ಚಿಪ್ಪಿನ ತವರದ ಮೇಲೆ ತೆಳ್ಳನೆಯ ಆಕ್ಸೈಡ್ ಪೊರೆ ಇರುತ್ತದೆ, ತುದಿ ಅದನ್ನು ಸ್ವಲ್ಪ ಕೆರೆದು ಒಳಹೋಗಬೇಕು. ಆದರೆ ಕೆರೆದ ತವರ ಚಿನ್ನಕ್ಕೆ ಮೆತ್ತಿಕೊಳ್ಳುತ್ತ ಹೋಗುತ್ತದೆ, ಕೆಲವು ದಿನ ಬಿಟ್ಟು ಮಿಲಿಓಮ್‌ಗಳು ಕುಣಿಯತೊಡಗುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು ಪೂಜೆಯಷ್ಟೇ ನಿತ್ಯದ ಕೆಲಸ. ಮರಳುಕಾಗದ ಮಾತ್ರ ಹಚ್ಚಬೇಡಿ, ಚಿನ್ನ ಹೋಗಿ ತಾಮ್ರ ಉಳಿಯುತ್ತದೆ.

ನಿರೋಧಕಕ್ಕೆ ಸಾಮಾನ್ಯ ಗಾಜಿನೆಳೆಯ ಬೋರ್ಡ್ ಅಗ್ಗ. ಆದರೆ ಅದು ತೇವ ಹೀರುತ್ತದೆ, ಮಳೆಗಾಲದ ಮಂಗಳೂರಿನಲ್ಲಿ ಒಂದು ಉತ್ತರ, ಬೇಸಿಗೆಯ ಕಲಬುರಗಿಯಲ್ಲಿ ಇನ್ನೊಂದು ಕೊಟ್ಟೀತು. ಟೆಫ್ಲಾನ್ ಮೇಲು, ಒತ್ತಡಕ್ಕೆ ನಿಧಾನವಾಗಿ ಬಗ್ಗುತ್ತದೆ ಎಂಬುದೊಂದು ಅವಗುಣ. ಇನ್ನು ಚಿಪ್ಪನ್ನು ಎತ್ತಿಡುವ ಕಷ್ಟ ಬೇರೆ. ಸ್ಥಾಯಿ ವಿದ್ಯುತ್ತಿಗೆ ಅದು ಟ್ವೀಜರಿಗೇ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಚಿಮ್ಮುತ್ತದೆ. ಚಿಮ್ಮಿದ್ದನ್ನು ಹುಡುಕುತ್ತ ಕೂರಬೇಡಿ. ಸಿಕ್ಕಿದ್ದು ಇವತ್ತಿನದೋ ಕಳೆದ ವಾರ ಚಿಮ್ಮಿದ್ದೋ ಹೇಳಲಾಗದು.

ಮಾಡಿದ ಫಿಕ್ಸ್ಚರ್ ಹೇಗಿದೆಯೆಂದು ತಿಳಿಯಲು ದುಬಾರಿ ಮಾನಕ ಬೇಕಿಲ್ಲ. ಒಂದೇ ಚಿಪ್ಪನ್ನು ಇಪ್ಪತ್ತು ಸಲ ಹಾಕಿ ತೆಗೆದು, ಬಂದ ಅಂಕಿಗಳನ್ನು ಸಾಲಾಗಿ ಬರೆಯಿರಿ. ಅವು ಎಷ್ಟು ಹರಡಿಕೊಂಡಿವೆಯೋ ಅದಕ್ಕಿಂತ ನಿಖರವಾಗಿ ನೀವು ಏನನ್ನೂ ಹೇಳಲಾರಿರಿ, ಮೀಟರ್ ಎಷ್ಟೇ ಅಂಕಿ ತೋರಿಸಲಿ. ಎಲ್‌ಸಿಆರ್ ಟ್ವೀಜರುಗಳನ್ನು, ಅಂದರೆ ತುದಿಯಲ್ಲೇ ಹಿಡಿದು ಅಳೆಯುವ ಚಿಮುಟಗಳನ್ನು, ಹೀಗೆ ಪರೀಕ್ಷಿಸಿದರೆ ಅವುಗಳ ಯೋಗ್ಯತೆ ಕೂಡಲೇ ಗೊತ್ತಾಗುತ್ತದೆ. ಬೆರೆತುಹೋದ ಚಿಪ್ಪುಗಳನ್ನು ಬೇರ್ಪಡಿಸಲು, ರಿಪೇರಿ ಮೇಜಿನ ಮೇಲೆ ಸತ್ತದ್ದು ಯಾವುದೆಂದು ನೋಡಲು ಅವಕ್ಕಿಂತ ಒಳ್ಳೆಯದು ಇಲ್ಲ. 1 ಪಿಕೊಫ್ಯಾರಡಿನ ವಾದಕ್ಕೆ ಅವನ್ನು ಸಾಕ್ಷಿ ಕರೆಯಬಾರದು.

ತೀರಾ ಸಣ್ಣ ರೋಧಗಳಿಗೆ ಬೇರೆ ದಾರಿಯಿದೆ. ದೊಡ್ಡ ಮೌಲ್ಯದ ಕೆಪಾಸಿಟರಿನೊಳಗೆ ಅಡಗಿರುವ ರೋಧ 5 ಮಿಲಿಓಮ್ ಇರಬಹುದು. ನೆಟ್‌ವರ್ಕ್ ಅನಲೈಜರಿನ ಒಂದು ಪೋರ್ಟಿನಿಂದ ಇನ್ನೊಂದಕ್ಕೆ ನೇರ ದಾರಿ ಹಾಕಿ, ನಡುವೆ ಚಿಪ್ಪನ್ನು ಗ್ರೌಂಡಿಗೆ ಬೆಸುಗೆ ಹಾಕುತ್ತಾರೆ. ಸಿಗ್ನಲ್ ಬಹುಪಾಲು ಚಿಪ್ಪಿನಲ್ಲಿ ಇಳಿದುಹೋಗುತ್ತದೆ, ಆಚೆಗೆ ಸೋರಿದ್ದನ್ನು ನೋಡಿ ಲೆಕ್ಕ ಹಾಕುತ್ತಾರೆ. 50 ಓಮ್ ವ್ಯವಸ್ಥೆಯಲ್ಲಿ 5 ಮಿಲಿಓಮ್ ಎಂದರೆ ಐದು ಸಾವಿರದಲ್ಲಿ ಒಂದು ಪಾಲು, ಅಂದರೆ ಮೈನಸ್ 74 ಡೆಸಿಬೆಲ್ ಸೋರುತ್ತದೆ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಕೇಬಲ್ಲಿನ ಹೊರ ಹೆಣಿಗೆಯ ಮೂಲಕವೂ ಕರೆಂಟ್ ಕಳ್ಳದಾರಿ ಹಿಡಿಯುತ್ತದೆ. ಕೇಬಲ್ಲಿಗೆ ಫೆರೈಟ್ ಉಂಗುರ ತೊಡಿಸಿದರೆ ಅದಕ್ಕೆ ತಡೆ. ಅಂಗೈಯಗಲದ ಅನಲೈಜರ್ ನ್ಯಾನೊವಿಎನ್‌ಎ ಬಂದ ಮೇಲೆ ಈ ವಿಧಾನ ಹವ್ಯಾಸಿಗಳ ಮೇಜಿಗೂ ಇಳಿದಿದೆ, ಸಂತೋಷ.

ಫಿಕ್ಸ್ಚರಿನ ಪರವಾಗಿಯೂ ಒಂದು ಮಾತು ಆಡಬೇಕು, ಏಕೆಂದರೆ ಅದು ಮಾಡದ ತಪ್ಪಿಗೂ ಬೈಗುಳ ತಿನ್ನುತ್ತದೆ. 10 ಮೈಕ್ರೊಫ್ಯಾರಡ್ ಎಂದು ಕೊಂಡ ಚಿಪ್ಪು ಮೀಟರಿನಲ್ಲಿ ಕಡಿಮೆ ತೋರಿಸಿತು ಎನ್ನಿ. ನಿಯಮದ ಪ್ರಕಾರ ಅದನ್ನು 1 ಕಿಲೊಹರ್ಟ್ಸ್, 1 ವೋಲ್ಟಿನಲ್ಲಿ ಅಳೆಯಬೇಕು. ಅಲ್ಲಿ ಅದರ ಪ್ರತಿರೋಧ ಸುಮಾರು 16 ಓಮ್. ಹಲವು ಮೀಟರುಗಳ ಒಳಗೇ 100 ಓಮ್ ಇರುತ್ತದೆ. ಪರದೆಯ ಮೇಲೆ 1 ವೋಲ್ಟ್ ಎಂದಿದ್ದರೂ ಚಿಪ್ಪಿಗೆ ದಕ್ಕುವುದು 0.16 ವೋಲ್ಟ್. ಎಕ್ಸ್‌5ಆರ್, ಎಕ್ಸ್‌7ಆರ್ ಜಾತಿಯ ಸೆರಾಮಿಕ್ಕಿಗೆ ಅಳೆಯುವ ವೋಲ್ಟೇಜ್ ಕಡಿಮೆಯಾದರೆ ಕೆಪಾಸಿಟೆನ್ಸೂ ಕಡಿಮೆ. ಸಾಲದ್ದಕ್ಕೆ ಅದು ಕಾರ್ಖಾನೆಯಿಂದ ಹೊರಬಿದ್ದ ದಿನದಿಂದ ನಿಧಾನಕ್ಕೆ ಮುಪ್ಪಾಗುತ್ತ ಬರುತ್ತದೆ. 150 ಡಿಗ್ರಿಯಲ್ಲಿ ಒಂದು ಗಂಟೆ ಬಿಸಿ ಮಾಡಿ, ಒಂದು ದಿನ ಆರಲು ಬಿಟ್ಟರೆ ಮತ್ತೆ ಹರೆಯ. ಈಗಷ್ಟೇ ಬೆಸುಗೆ ಹಾಕಿದ್ದನ್ನೂ ವರ್ಷದ ಹಿಂದಿನ ರೀಲಿನದನ್ನೂ ಹೋಲಿಸಿ ಜಗಳಕ್ಕೆ ನಿಲ್ಲುವವರು ಇದನ್ನು ತಿಳಿದಿರಬೇಕು.

ಇನ್ನೊಂದು ಭ್ರಮೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟಿನದು. ದೇಶದ ಅಳತೆಯ ಮಾನಕಗಳು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿವೆ. ಅಲ್ಲಿಂದ ಸರಪಳಿಯಂತೆ ಇಳಿದು ಬಂದ ಕ್ಯಾಲಿಬ್ರೇಷನ್ ಸೇವೆ ಬೆಂಗಳೂರಿನಲ್ಲೂ ಸಿಗುತ್ತದೆ. ಗೋಡೆಗೆ ತೂಗುಹಾಕಿದ ಆ ಸರ್ಟಿಫಿಕೇಟ್ ಭರವಸೆ ಕೊಡುವುದು ಮೀಟರಿನ ಸಾಕೆಟ್‌ಗಳ ತನಕ ಮಾತ್ರ. ಅಲ್ಲಿಂದ ಚಿಪ್ಪಿನವರೆಗಿನ ಕೆಲವು ಸೆಂಟಿಮೀಟರಿಗೆ ಅಳೆಯುವವರೇ ಜವಾಬ್ದಾರರು. ಆಡಿಟ್‌ಗೆ ಬಂದವರು ಸರ್ಟಿಫಿಕೇಟಿನ ತಾರೀಕು ನೋಡುತ್ತಾರೆ, ಶಾರ್ಟ್ ತುಂಡಿನ ಮೇಲಿನ ಗೀರು ನೋಡುವುದಿಲ್ಲ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ, ಪಾಲಿಟೆಕ್ನಿಕ್‌ಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ. ಲ್ಯಾಬಿನಲ್ಲಿ ಸಿದ್ಧವಾದ ಕಿಟ್ಟಿಗೆ ವೈರು ಚುಚ್ಚಿ ರೀಡಿಂಗ್ ಬರೆಸುವ ಒಂದು ಪ್ರಯೋಗವನ್ನು ಕೈಬಿಟ್ಟು, ಆ ಜಾಗದಲ್ಲಿ ವಿದ್ಯಾರ್ಥಿಗಳಿಂದ 1 ಮಿಲಿಮೀಟರ್ ಚಿಪ್ಪಿಗೆ ಒಂದು ಫಿಕ್ಸ್ಚರ್ ಮಾಡಿಸಿ. ಎಲೆಕ್ಟ್ರಾನಿಕ್ಸಿನವರನ್ನೂ ಮೆಕ್ಯಾನಿಕಲ್‌ನವರನ್ನೂ ಒಂದೇ ಗುಂಪಿಗೆ ಹಾಕಿ. ಇಪ್ಪತ್ತು ಸಲ ಹಾಕಿ ತೆಗೆಸಿ, ಹರಡು ಎಷ್ಟೆಂದು ಬರೆಸಿ. ರೆಕಾರ್ಡ್ ಪುಸ್ತಕದಲ್ಲಿ ಮೌಲ್ಯದ ಪಕ್ಕದಲ್ಲೇ ಫ್ರೀಕ್ವೆನ್ಸಿ, ವೋಲ್ಟೇಜ್, ಶಾರ್ಟ್‌ಗೆ ಯಾವ ತುಂಡು ಇಟ್ಟರು ಎಂಬುದನ್ನೂ ಬರೆಯದಿದ್ದರೆ ಅಂಕ ಕೊಡಬೇಡಿ.